ದೇವಗಡದ ದೀಪ ಆರಬಾರದು

ಭೂಪಟವೊಂದನ್ನು ಮುಂದಿಟ್ಟುಕೊಂಡು ಕೊಟ್ಟೂರಿನ ಮೇಲೆ ಬೆರಳಿಟ್ಟು, ಎತ್ತಲೂ ವಾಲದಂತೆ ನೇರವಾಗಿ ಪಶ್ಚಿಮಕ್ಕೆ ಸರಿಸುತ್ತ ಹೋದರೆ, ಬೆರಳು ತುಂಗಭದ್ರೆಯನ್ನು ದಾಟಿ, ಹಾವೇರಿಯ ಬಯಲನ್ನು ಹಾಯ್ದು, ಸಹ್ಯಾದ್ರಿಯ ಕಾಡುಗಳನ್ನು ಹತ್ತಿ ಇಳಿದು, ಕಾರವಾರದ ಬಳಿ ಕಡಲನ್ನು ಮುಟ್ಟುತ್ತದೆ. ಕೊಟ್ಟೂರೂ ಕಾರವಾರವೂ ಭೂಮಧ್ಯರೇಖೆಯಿಂದ ಉತ್ತರಕ್ಕೆ ಹೆಚ್ಚುಕಡಮೆ ಒಂದೇ ಅಕ್ಷಾಂಶದಲ್ಲಿ, ಎಂದರೆ ಸುಮಾರು 14.8 ಡಿಗ್ರಿಯಲ್ಲಿ ಇವೆ. ಬೆರಳನ್ನು ಇನ್ನೂ ಸ್ವಲ್ಪ ಮುಂದಕ್ಕೆ, ನೀರಿನೊಳಕ್ಕೆ ಸರಿಸಿದರೆ ಒಂದು ಚಿಕ್ಕ ಚುಕ್ಕೆ ಸಿಕ್ಕುತ್ತದೆ. ಅದು ದೇವಗಡ ದ್ವೀಪ. ಕಪ್ಪು ಬಂಡೆಗಳ ಸುತ್ತ ನೊರೆ ಕಾರುವ ಆ ಗುಡ್ಡದ ನೆತ್ತಿಯಲ್ಲಿ 1864ರಿಂದಲೂ ಒಂದು ದೀಪಸ್ತಂಭವಿದೆ. ಮಾವಿನ ಹಣ್ಣಿಗೆ ಹೆಸರಾದ ಮಹಾರಾಷ್ಟ್ರದ ದೇವಗಡವೆಂದು ಓದುಗರು ಭ್ರಮಿಸಬಾರದು. ಅಲ್ಲಿಯೂ ಒಂದು ದೀಪಸ್ತಂಭವಿರುವುದರಿಂದ ಈ ಎಚ್ಚರಿಕೆ ಅಗತ್ಯ. ನಮ್ಮ ದೇವಗಡವನ್ನು ಇಂಗ್ಲಿಷ್ ನಾವಿಕರು ಆಯ್ಸ್ಟರ್ ರಾಕ್, ಅಂದರೆ ಸಿಂಪಿಬಂಡೆ, ಎಂದು ಕರೆದರು; ನಾವಿಕರ ಪಟಗಳಲ್ಲಿ ಆ ಹೆಸರೇ ನಿಂತಿದೆ.

ಕೋಗಳಿ ನಾಡಿನಲ್ಲಿ ಕುಳಿತು ಕಡಲ ದೀಪದ ಮಾತೇಕೆ ಎಂದು ಕೂಡ್ಲಿಗಿಯ ಅಥವಾ ಹರಪನಹಳ್ಳಿಯ ವಿದ್ಯಾರ್ಥಿಯೊಬ್ಬನು ಕೇಳಿದರೆ ತಪ್ಪಿಲ್ಲ. ಶಾಸನಗಳಲ್ಲಿ ಕೋಗಳಿ ಐನೂರು ಎಂದು ಹೆಸರಾದ ಈ ಸೀಮೆಯಲ್ಲಿ ಅನೇಕರು ಸಮುದ್ರವನ್ನು ಕಂಡಿರುವುದು ಚಿತ್ರದಲ್ಲಿ ಮಾತ್ರ. ನಮ್ಮ ಪಾಲಿಗೆ ನೀರೆಂದರೆ ಚಿಕ್ಕ ಹಗರಿ, ತುಂಗಭದ್ರೆ, ಮಾಲವಿಯ ಜಲಾಶಯ. ಆದರೆ ಹೂವಿನಹಡಗಲಿಯ ಹೆಸರಿನಲ್ಲಿಯೇ ಹಡಗೊಂದಿದೆ; ವಿಜಯನಗರದ ಅರಸರ ಕಾಲದಲ್ಲಿ ಅಲ್ಲಿಂದ ಹೂವುಗಳನ್ನು ತುಂಗಭದ್ರೆಯ ಮೇಲೆ ಹಡಗುಗಳಲ್ಲಿ ಹಂಪೆಗೆ ಕಳುಹಿಸುತ್ತಿದ್ದರೆಂದು ಜನ ಹೇಳುತ್ತಾರೆ. ಹೆಸರಿನ ನಿಷ್ಪತ್ತಿ ಹಾಗಿರಲಿ. ದೇವಗಡದ ದೀಪ ಹೊತ್ತಿದ್ದೇ ನಮ್ಮಂಥ ಕಪ್ಪುಮಣ್ಣಿನ ಬಯಲುಸೀಮೆಯ ಬೆಳೆಯೊಂದರ ನಿಮಿತ್ತವಾಗಿ. ಆ ಬೆಳೆ ಹತ್ತಿ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ದಕ್ಷಿಣದ ಬಂದರುಗಳನ್ನು ಉತ್ತರದ ನೌಕಾಪಡೆ ಮುಚ್ಚಿದುದರಿಂದ ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳಿಗೆ ಅರಳೆ ಬರುವುದು ನಿಂತುಹೋಯಿತು. ಗಿರಣಿಯ ಒಡೆಯರ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಆ ಹತ್ತಿ ಆಗಲೇ ಕುಮಟೆಯಿಂದ ಹಡಗೇರುತ್ತಿತ್ತು. ಲಿವರ್‌ಪೂಲ್ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರಿತ್ತು. ಆದರೆ ಕುಮಟೆಯಲ್ಲಿ ದೊಡ್ಡ ಹಡಗುಗಳಿಗೆ ಆಸರೆಯಿಲ್ಲ. ಅವು ಬಯಲ ಕಡಲಿನಲ್ಲಿಯೇ ಲಂಗರು ಹಾಕಬೇಕಾಗುತ್ತಿತ್ತು. ಕಾರವಾರದ ಕೊಲ್ಲಿಯಾದರೋ ಗುಡ್ಡಗಳಿಂದಲೂ ದ್ವೀಪಗಳಿಂದಲೂ ರಕ್ಷಿತವಾದುದು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಾರವಾರ ಜಿಲ್ಲೆಯ ಮುಖ್ಯ ಪಟ್ಟಣವಾಯಿತು. ಘಟ್ಟದ ದಾರಿಗಳು ಸಿದ್ಧವಾದವು. ಎರಡು ವರ್ಷಗಳಲ್ಲಿ ದ್ವೀಪದ ಮೇಲೆ ದೀಪ ಹೊತ್ತಿತು. 1865ರಲ್ಲಿ ಯುದ್ಧ ಮುಗಿಯಿತು, ಅರಳೆಯ ಬೆಲೆ ಕುಸಿಯಿತು. ಕಾರವಾರಕ್ಕೆ ಬರಬೇಕೆಂದಿದ್ದ ರೈಲು ಬರಲಿಲ್ಲ. 1880ರ ದಶಕದಲ್ಲಿ ಕ್ಯಾಸಲ್‌ರಾಕ್ ಮಾರ್ಗವಾಗಿ ಅದು ಗೋವೆಯ ಮರ್ಮಗೋವೆಗೆ ಹೋಯಿತು, ವ್ಯಾಪಾರವೂ ಅದರ ಹಿಂದೆ ಹೋಯಿತು. ಹತ್ತಿಯ ಮೂಟೆಗಳು ಬರಲಿ ಬಿಡಲಿ, ದೀಪ ಮಾತ್ರ ಉಳಿಯಿತು. ಯಾರ ಲಾಭಕ್ಕೆಂದು ಕಟ್ಟಿದರೋ ಅವರು ಹೋದ ಮೇಲೆ ಅದು ಎಲ್ಲರದಾಯಿತು ಎಂಬುದನ್ನು ಇಲ್ಲಿಯೇ ಹೇಳಿಡುತ್ತೇವೆ. ಮುಂದೆ ಈ ಮಾತು ಬೇಕಾಗುತ್ತದೆ.

ಈಗ ಭೌತಶಾಸ್ತ್ರಕ್ಕೆ ಬರೋಣ. ದೀಪವನ್ನು ದಡದ ಊರಿನಲ್ಲಿ ಕಟ್ಟದೆ, ಕಲ್ಲು ಗಾರೆಗಳನ್ನು ದೋಣಿಯಲ್ಲಿ ಹೊತ್ತು ದ್ವೀಪದ ನೆತ್ತಿಗೇಕೆ ಏರಿಸಿದರು? ಕಾರಣ ಭೂಮಿ ದುಂಡಗಿರುವುದು. ಹತ್ತನೆಯ ತರಗತಿಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯ ಇಲ್ಲಿ ಸಾಕು. ಭೂಮಿಯ ಕೇಂದ್ರದಿಂದ ದೀಪಕ್ಕೆ ಒಂದು ಗೆರೆ, ದೀಪದಿಂದ ದಿಗಂತಕ್ಕೆ ಒಂದು ಸ್ಪರ್ಶರೇಖೆ, ದಿಗಂತದಿಂದ ಕೇಂದ್ರಕ್ಕೆ ಒಂದು ತ್ರಿಜ್ಯ: ಇದೊಂದು ಲಂಬಕೋನ ತ್ರಿಭುಜ. ಲೆಕ್ಕ ಮಾಡಿ ನೋಡಿದರೆ ದಿಗಂತದ ದೂರದ ವರ್ಗವು ಭೂಮಿಯ ವ್ಯಾಸವನ್ನು ದೀಪದ ಎತ್ತರದಿಂದ ಗುಣಿಸಿದಷ್ಟಕ್ಕೆ ಸಮನಾಗುತ್ತದೆ. ಎತ್ತರದ ವರ್ಗವನ್ನು ಅತಿ ಸಣ್ಣದೆಂದು ಬಿಟ್ಟಿದ್ದೇವೆ. ಎತ್ತರವನ್ನು ಮೀಟರುಗಳಲ್ಲಿ ಅಳೆದರೆ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದಾಗ ದೂರ ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ಈ ಸೂತ್ರವನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡದೆ ತಾವೇ ಸಾಧಿಸಿ ನೋಡತಕ್ಕದ್ದು.

ಹಳೆಯ ಗ್ಯಾಸೆಟಿಯರು ದೇವಗಡದ ದೀಪವು ಭರತದ ನೀರಿನ ಮಟ್ಟದಿಂದ ಸುಮಾರು 210 ಅಡಿ ಎತ್ತರದಲ್ಲಿದೆಯೆಂದೂ 20 ಮೈಲಿಗಳವರೆಗೆ ಕಾಣುವುದೆಂದೂ ಹೇಳುತ್ತದೆ. 210 ಅಡಿ ಎಂದರೆ 64 ಮೀಟರು, ವರ್ಗಮೂಲ ಎಂಟು, ದಿಗಂತ 28.6 ಕಿಲೋಮೀಟರು ದೂರ. ನೋಡುವ ನಾವಿಕನ ಕಣ್ಣು ನೀರಿನಿಂದ ನಾಲ್ಕು ಮೀಟರು ಮೇಲಿದ್ದರೆ ಅವನ ದಿಗಂತ ಇನ್ನೂ 7.1 ಕಿಲೋಮೀಟರು. ಎರಡನ್ನೂ ಕೂಡಿಸಿದರೆ 36 ಕಿಲೋಮೀಟರಿಗೆ ಸಮೀಪ. ಗ್ಯಾಸೆಟಿಯರಿನ 20 ಮೈಲಿ, ಎಂದರೆ 32 ಕಿಲೋಮೀಟರು, ಈ ಎರಡರ ನಡುವೆ ಸರಿಯಾಗಿ ಕುಳಿತುಕೊಳ್ಳುತ್ತದೆ. ವಾಯುಮಂಡಲದ ವಕ್ರೀಭವನವು ಕಿರಣವನ್ನು ಕೊಂಚ ಬಗ್ಗಿಸಿ ಈ ದೂರವನ್ನು ಇನ್ನೂ ಸ್ವಲ್ಪ ಹೆಚ್ಚಿಸುತ್ತದೆ. ಅದನ್ನು ಇಲ್ಲಿ ಬಿಡೋಣ. ಇದೇ ದೀಪವನ್ನು ಕಡಲತಡಿಯ ಮರಳಿನ ಮೇಲೆ 16 ಮೀಟರು ಎತ್ತರದ ಗೋಪುರದಲ್ಲಿ ಇಟ್ಟಿದ್ದರೆ ಅದರ ದಿಗಂತ 14 ಕಿಲೋಮೀಟರಿಗೇ ನಿಲ್ಲುತ್ತಿತ್ತು. ದೂರವನ್ನು ಎರಡು ಪಟ್ಟು ಮಾಡಲು ಎತ್ತರವನ್ನು ನಾಲ್ಕು ಪಟ್ಟು ಮಾಡಬೇಕು. ಆ ಎತ್ತರದ ಬಹುಭಾಗವನ್ನು ದ್ವೀಪದ ಗುಡ್ಡವೇ ಪುಕ್ಕಟೆಯಾಗಿ ಕೊಟ್ಟಿತು. ಅಂದಹಾಗೆ, ಕೊಟ್ಟೂರಿನಲ್ಲಿ ನೆಲದ ಮೇಲೆ ನಿಂತವನಿಗೆ ಈ ದೀಪ ಕಾಣಬೇಕಾದರೆ, ಭೂಮಿ ಗುಡ್ಡಬೆಟ್ಟಗಳಿಲ್ಲದ ನುಣುಪಾದ ಗೋಲವೆಂದೇ ಭಾವಿಸಿದರೂ, ದೀಪಸ್ತಂಭ ನಾಲ್ಕು ಕಿಲೋಮೀಟರಿಗೂ ಮಿಕ್ಕಿ ಎತ್ತರವಿರಬೇಕು. ನೇರ ದೂರ ಸುಮಾರು 230 ಕಿಲೋಮೀಟರು ಮಾತ್ರ. ಭೂಮಿಯ ದುಂಡುತನ ಎಷ್ಟು ಸಮೀಪದಲ್ಲಿಯೇ ತನ್ನ ಕೆಲಸ ಮಾಡುತ್ತದೆಂಬುದು ನಮ್ಮ ವಿದ್ಯಾರ್ಥಿಗಳಿಗೆ ಈ ಲೆಕ್ಕದಿಂದ ಮನದಟ್ಟಾದಷ್ಟು ಬೇರೆ ಯಾವುದರಿಂದಲೂ ಆಗಿಲ್ಲ.

ಎತ್ತರವೊಂದೇ ಸಾಲದು, ಬೆಳಕು ಅಷ್ಟು ದೂರ ತಲಪಬೇಕು. ನಮ್ಮ ಗುಡಿಗಳ ಮುಂದೆ ನಿಂತಿರುವ ದೀಪದ ಕಂಬವನ್ನು ನೆನೆಯಿರಿ. ಕಾರ್ತಿಕದಲ್ಲಿ ಅದರ ಮೇಲೆ ಹಚ್ಚಿದ ಹಣತೆಯ ಬೆಳಕು ಸುತ್ತಮುತ್ತ, ಮೇಲೆ ಕೆಳಗೆ, ಎಲ್ಲ ಕಡೆಗೂ ಹರಡುತ್ತದೆ. ಜಾತ್ರೆಯ ಜನ ಸುತ್ತಲೂ ಇರುವುದರಿಂದ ಅದು ಸರಿಯೇ. ಕಡಲ ದೀಪಕ್ಕೆ ಈ ಔದಾರ್ಯ ಹೊಂದುವುದಿಲ್ಲ. ಆಕಾಶಕ್ಕೆ ಹೋದ ಬೆಳಕೂ ಗುಡ್ಡದ ಬುಡಕ್ಕೆ ಬಿದ್ದ ಬೆಳಕೂ ನಾವಿಕನಿಗೆ ವ್ಯರ್ಥ. ಅವನಿಗೆ ಬೇಕಾದುದು ದಿಗಂತದ ಮಟ್ಟದಲ್ಲಿ ಹರಡುವ ಒಂದು ತೆಳುವಾದ ಪಟ್ಟಿ ಮಾತ್ರ. ಹಿಂದಿನವರು ದೀಪದ ಹಿಂದೆ ಹೊಳಪು ಕೊಟ್ಟ ಲೋಹದ ಬಟ್ಟಲುಗಳನ್ನಿಟ್ಟು ಬೆಳಕನ್ನು ಮುಂದಕ್ಕೆ ತಿರುಗಿಸುತ್ತಿದ್ದರು. ಆದರೆ ಲೋಹವು ಬೆಳಕಿನ ಬಹುಪಾಲನ್ನು ತಾನೇ ನುಂಗಿಬಿಡುತ್ತಿತ್ತು. ಗಾಜಿನ ಮಸೂರವನ್ನು ಬಳಸೋಣವೆಂದರೆ, ಅಂಥ ದೊಡ್ಡ ದೀಪಕ್ಕೆ ತಕ್ಕ ಮಸೂರ ಬಂಡೆಯಷ್ಟು ದಪ್ಪವೂ ಭಾರವೂ ಆಗುತ್ತಿತ್ತು. ಆ ದಪ್ಪ ಗಾಜೂ ಬೆಳಕನ್ನು ಹೀರುತ್ತಿತ್ತು.

ಈ ತೊಡಕನ್ನು ಬಿಡಿಸಿದವನು ಫ್ರಾನ್ಸಿನ ಅಗಸ್ಟೀನ್ ಫ್ರೆನೆಲ್. 1788ರಲ್ಲಿ ಹುಟ್ಟಿದ ಈತ ವೃತ್ತಿಯಲ್ಲಿ ರಸ್ತೆಗಳ ಎಂಜಿನಿಯರು. ಬೆಳಕು ತರಂಗರೂಪವಾದುದೆಂದು ಗಣಿತದಿಂದ ಸಾಧಿಸಿ 1819ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಬಹುಮಾನ ಪಡೆದವನೂ ಈತನೇ. ವಿವರ್ತನೆಯ ಪಾಠದಲ್ಲಿ ಈತನ ಹೆಸರನ್ನು ಓದುವ ಬಿ.ಎಸ್‌ಸಿ. ವಿದ್ಯಾರ್ಥಿಗಳಿಗೆ, ಅದೇ ಕೈ ಸಾವಿರಾರು ನಾವಿಕರ ಜೀವ ಉಳಿಸಿದ ಸಂಗತಿಯನ್ನು ಯಾರೂ ಹೇಳುವುದಿಲ್ಲ. ಇದು ನಮ್ಮ ಬೋಧನೆಯ ಬಡತನ. ಫ್ರೆನೆಲ್ಲನ ಆಲೋಚನೆ ಸರಳವಾದುದು. ಕಿರಣವು ಬಾಗುವುದು ಗಾಜಿನ ಮೇಲ್ಮೈಯಲ್ಲಿ. ಒಳಗಿನ ದಪ್ಪವನ್ನು ಅದು ನೇರವಾಗಿ ದಾಟಿಹೋಗುತ್ತದೆ. ಹಾಗಾದರೆ ಆ ದಪ್ಪ ಏಕೆ ಬೇಕು? ಮಸೂರದ ಮೇಲ್ಮೈಯ ಓರೆಯನ್ನು ಮಾತ್ರ ಉಳಿಸಿಕೊಂಡು, ಒಳಗಿನ ಗಾಜನ್ನು ತೆಗೆದುಹಾಕಿ, ಉಳಿದುದನ್ನು ಬಳೆಗಳಂತೆ ಒಂದರ ಸುತ್ತ ಒಂದನ್ನು ಜೋಡಿಸಿದರೆ ಸಾಕು. ಇಂಥ ಮಸೂರದ ಕಲ್ಪನೆ ಹದಿನೆಂಟನೆಯ ಶತಮಾನದ ಬುಫೋನನಿಗೂ ಬಂದಿತ್ತು. ಆದರೆ ಅದನ್ನು ದೀಪಕ್ಕೆ ಅಳವಡಿಸಿ, ಪ್ರತಿಯೊಂದು ಬಳೆಗೂ ಬೇರೆ ಬೇರೆ ವಕ್ರತೆಯನ್ನು ಲೆಕ್ಕಹಾಕಿ, ಗೋಳೀಯ ದೋಷವನ್ನು ಕೂಡ ಕಳೆದವನು ಫ್ರೆನೆಲ್. 1823ರಲ್ಲಿ ಫ್ರಾನ್ಸಿನ ಕೊರ್ದುವಾನ್ ದೀಪಸ್ತಂಭದಲ್ಲಿ ಅವನ ಮಸೂರ ಬೆಳಗಿತು. ಈ ದೀಪಸ್ತಂಭವೂ ಕಡಲ ನಡುವಿನ ಬಂಡೆಯ ಮೇಲಿನದೇ. ನಾಲ್ಕು ವರ್ಷಗಳಲ್ಲಿ, ಇನ್ನೂ ನಲವತ್ತು ತುಂಬದೆ, ಕ್ಷಯರೋಗದಿಂದ ಅವನು ತೀರಿಕೊಂಡನು.

ನಡುವಣ ಮಸೂರಕ್ಕೆ ಸಿಕ್ಕದೆ ಬಹಳ ಓರೆಯಾಗಿ ಮೇಲಕ್ಕೂ ಕೆಳಕ್ಕೂ ಹೋಗುವ ಕಿರಣಗಳನ್ನು ಹಿಡಿಯಲು ಸುತ್ತ ಪಟ್ಟಕಗಳ ಸಾಲುಗಳಿರುತ್ತವೆ. ಅವುಗಳಲ್ಲಿ ನಡೆಯುವುದು ಸಂಪೂರ್ಣ ಆಂತರಿಕ ಪ್ರತಿಫಲನ. ಗಾಜಿನ ಒಳಗಿನಿಂದ ಬಂದ ಕಿರಣವು ಮೇಲ್ಮೈಯನ್ನು ಸುಮಾರು 42 ಡಿಗ್ರಿಗಿಂತ ಹೆಚ್ಚಿನ ಕೋನದಲ್ಲಿ ಮುಟ್ಟಿದರೆ ಹೊರಕ್ಕೆ ಹೋಗಲಾರದೆ ಪೂರ್ತಿಯಾಗಿ ಒಳಕ್ಕೆ ಮರಳುತ್ತದೆ. ಲೋಹದ ಕನ್ನಡಿಯಂತೆ ಪಾಲು ಕೇಳುವುದಿಲ್ಲ. ಇಂದು ದೂರಸಂಪರ್ಕವನ್ನೆಲ್ಲ ಹೊತ್ತಿರುವ ಗಾಜಿನ ಎಳೆಗಳಲ್ಲಿ ಬೆಳಕು ಓಡುವುದೂ ಇದೇ ತತ್ತ್ವದಿಂದ. ಈ ತತ್ತ್ವ ಕಡಲ ಬಂಡೆಗಳ ಮೇಲೆ ಮೊದಲೇ ದುಡಿದಿತ್ತು.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಮಸೂರವು ಬೆಳಕನ್ನು ಹುಟ್ಟಿಸುವುದಿಲ್ಲ. ಶಕ್ತಿಯ ನಿತ್ಯತ್ವದ ನಿಯಮವನ್ನು ಫ್ರೆನೆಲ್ಲನೂ ಮೀರಲಾರ. ಒಂದು ದಿಕ್ಕಿಗೆ ಹೆಚ್ಚು ಬೆಳಕು ಹೋಗಬೇಕಾದರೆ ಇನ್ನೊಂದು ದಿಕ್ಕು ಕತ್ತಲಾಗಲೇಬೇಕು. ದೇವಗಡದ ಮೊದಲ ದೀಪ ಬಿಳಿಯ ಸ್ಥಿರ ದೀಪ, ಮಿನುಗುತ್ತಿರಲಿಲ್ಲ. ಸ್ಥಿರ ದೀಪದಲ್ಲಿ ಮಸೂರದ ಪಟ್ಟಿ ದುಂಡಗೆ ಸುತ್ತುವರಿದಿದ್ದು, ಬೆಳಕನ್ನು ಮೇಲಿನಿಂದಲೂ ಕೆಳಗಿನಿಂದಲೂ ಮಾತ್ರ ಕಸಿದುಕೊಂಡು ಸುತ್ತಲಿನ ಎಲ್ಲ ದಿಕ್ಕುಗಳಿಗೂ ಸಮನಾಗಿ ಹಂಚುತ್ತದೆ. ಅದರ ಕುಂದೆಂದರೆ, ದೂರದ ನಾವಿಕನಿಗೆ ಅದು ಮೀನುಗಾರನ ಲಾಂದ್ರವೋ, ದಡದ ಮನೆಯೋ, ದಿಗಂತದಲ್ಲಿ ಮೂಡುತ್ತಿರುವ ನಕ್ಷತ್ರವೋ ಎಂದು ತಿಳಿಯುವುದು ಕಷ್ಟ. ಆದುದರಿಂದ ಮಸೂರಗಳನ್ನು ಬೇರೆ ಬೇರೆ ಫಲಕಗಳನ್ನಾಗಿ ಮಾಡಿ, ಗಡಿಯಾರದ ಯಂತ್ರದಿಂದ ತಿರುಗಿಸುವ ಪದ್ಧತಿ ಬಂದಿತು. ಟನ್ನುಗಟ್ಟಲೆ ಭಾರದ ಗಾಜನ್ನು ಪಾದರಸದ ತೊಟ್ಟಿಯಲ್ಲಿ ತೇಲಿಸಿದರೆ ಒಂದು ಬೆರಳಿನಿಂದ ನೂಕಬಹುದು. ತಿರುಗುವಾಗ ಕಿರಣವು ನಾವಿಕನ ಕಣ್ಣನ್ನು ಒಂದು ಕ್ಷಣ ಹೊಡೆದು ಮುಂದೆ ಸರಿಯುತ್ತದೆ. ಆಮೇಲೆ ಕತ್ತಲು, ಮತ್ತೆ ಮಿಂಚು. ಎಷ್ಟು ಸೆಕೆಂಡಿಗೆ ಎಷ್ಟು ಮಿಂಚು ಎಂಬುದು ಆಯಾ ದೀಪದ ಹೆಸರು. ನಾವಿಕರ ಪುಸ್ತಕದಲ್ಲಿ ಪ್ರತಿಯೊಂದು ದೀಪದ ಹೆಸರೂ ಹೀಗೆ ಕಾಲದಲ್ಲಿ ಬರೆದಿದೆ. ಕತ್ತಲಿಲ್ಲದಿದ್ದರೆ ಈ ಹೆಸರನ್ನು ಬರೆಯುವಂತಿಲ್ಲ.

ಇನ್ನು ನಮ್ಮ ವಾದಕ್ಕೆ ಬರುತ್ತೇವೆ. ಈ ವಿಷಯವನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: “ಸರ್, ಎಲ್ಲರ ಕೈಯಲ್ಲೂ ಫೋನಿದೆ, ಅದರಲ್ಲಿ ಜಿಪಿಎಸ್ ಇದೆ. ಇನ್ನು ದೀಪ ಯಾಕೆ ಬೇಕು?” ಪ್ರಶ್ನೆ ಹುಡುಗರದು ಮಾತ್ರವಲ್ಲ. ಲೆಕ್ಕಪತ್ರ ನೋಡುವ ದೊಡ್ಡವರೂ ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತಾರೆ. ಇದಕ್ಕೆ ಭಾವುಕತೆಯಿಂದ ಉತ್ತರ ಕೊಡುವವರಿದ್ದಾರೆ: ಎಷ್ಟು ಸುಂದರ, ಎಷ್ಟು ಪುರಾತನ, ಎಂದು. ಆ ಉತ್ತರ ನಮಗೆ ರುಚಿಸುವುದಿಲ್ಲ. ಪುರಾತನವಾದ ಮಾತ್ರಕ್ಕೆ ಒಂದು ವಸ್ತುವಿಗಾಗಿ ಪ್ರತಿ ರಾತ್ರಿ ವಿದ್ಯುತ್ತನ್ನು ವೆಚ್ಚಮಾಡಬೇಕಾಗಿಲ್ಲ. ಭೌತಶಾಸ್ತ್ರದ ಉತ್ತರವೇ ಇದೆ; ಅದು ಗಟ್ಟಿಯಾದುದು.

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತವೆ. ಅವುಗಳ ಪ್ರೇಷಕದ ಸಾಮರ್ಥ್ಯ ಕೆಲವೇ ಹತ್ತು ವಾಟ್‌ಗಳು. ನಮ್ಮ ಮನೆಯ ಹಳೆಯ ಕಾಲದ ಬಲ್ಬಿನಷ್ಟು. ವಿಲೋಮ ವರ್ಗ ನಿಯಮಕ್ಕೆ ಅನುಸಾರವಾಗಿ ಅದು ಹರಡಿ ಹರಡಿ ನೆಲಕ್ಕೆ ಬರುವ ಹೊತ್ತಿಗೆ, ಗ್ರಾಹಕಕ್ಕೆ ಸಿಕ್ಕುವುದು ಎಷ್ಟು ಗೊತ್ತೆ? ಒಂದು ವಾಟನ್ನು ಕೋಟಿ ಭಾಗ ಮಾಡಿ, ಅದರಲ್ಲಿ ಒಂದನ್ನು ಮತ್ತೆ ಕೋಟಿ ಭಾಗ ಮಾಡಿ, ಅದರಲ್ಲಿಯೂ ನೂರರಲ್ಲಿ ಒಂದು ಪಾಲು. ಇಷ್ಟು ಕ್ಷೀಣವಾದ ಸಂಕೇತವನ್ನು ಗದ್ದಲದ ನಡುವಿನಿಂದ ಹೆಕ್ಕಿ ತೆಗೆಯುವುದು ಮಾನವ ಬುದ್ಧಿಯ ವಿಜಯವೇ ಸರಿ. ನಾವು ಅದನ್ನು ಕಡಮೆ ಮಾಡಿ ಹೇಳುತ್ತಿಲ್ಲ. ಆದರೆ ಇಷ್ಟು ಕ್ಷೀಣವಾದುದನ್ನು ಅಡಗಿಸುವುದೂ ಅಷ್ಟೇ ಸುಲಭ. ಹತ್ತಿರದಲ್ಲಿ ಒಂದು ಸಣ್ಣ ಪ್ರೇಷಕ ಅದೇ ಆವರ್ತನದಲ್ಲಿ ಕೂಗಿದರೆ ಉಪಗ್ರಹದ ಪಿಸುಮಾತು ಕೇಳಿಸದು. ಅದಕ್ಕಿಂತ ಕೆಟ್ಟದೆಂದರೆ ಸುಳ್ಳು ಸಂಕೇತ. 2017ರ ಜೂನ್ ತಿಂಗಳಲ್ಲಿ ಕಪ್ಪು ಸಮುದ್ರದ ನೊವೊರೊಸ್ಸಿಯ್ಸ್ಕ್ ಬಂದರಿನ ಬಳಿ ಇಪ್ಪತ್ತರಷ್ಟು ಹಡಗುಗಳ ಯಂತ್ರಗಳು, ತಾವು ಕಡಲಿನಲ್ಲಿಲ್ಲ, ದಡದ ಒಂದು ವಿಮಾನನಿಲ್ದಾಣದಲ್ಲಿದ್ದೇವೆ ಎಂದು ತೋರಿಸಿದವು. ನಮ್ಮ ದೇಶದ ನಾವಿಕ್ ಉಪಗ್ರಹಗಳು ಪರರ ಹಂಗನ್ನು ತಪ್ಪಿಸುತ್ತವೆ, ಅದು ದೊಡ್ಡ ಮಾತು. ಆದರೆ ಅವು ಇನ್ನೂ ಎತ್ತರದಲ್ಲಿ, ಸುಮಾರು 36,000 ಕಿಲೋಮೀಟರಿನಲ್ಲಿ ಇರುವುದರಿಂದ ರೇಡಿಯೋ ತರಂಗದ ಈ ದೌರ್ಬಲ್ಯ ಅವುಗಳಿಗೂ ಉಂಟು.

ಪ್ರಯೋಗಶಾಲೆಯಲ್ಲಿ ಗುರುತ್ವ ವೇಗೋತ್ಕರ್ಷವನ್ನು ಲೋಲಕದಿಂದ ಅಳೆದ ಮೇಲೆ ಬೀಳುವ ಗುಂಡಿನಿಂದಲೂ ಅಳೆಯಿರೆಂದು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಲೋಲಕದಿಂದಲೇ ಎರಡು ಸಲ ಅಳೆಯಿರೆಂದು ಹೇಳುವುದಿಲ್ಲ. ಏಕೆ? ದಾರದ ಉದ್ದವನ್ನು ಅಳೆದ ಕೋಲೇ ತಪ್ಪಾಗಿದ್ದರೆ ಎರಡು ಸಲವೂ ಒಂದೇ ತಪ್ಪು ಬರುತ್ತದೆ. ಎರಡು ಉತ್ತರಗಳೂ ಒಂದನ್ನೊಂದು ಹೊಗಳುತ್ತವೆ. ಬೇರೆ ಬೇರೆ ದಾರಿಗಳಿಂದ ಬಂದ ಎರಡು ಉತ್ತರಗಳು ಕೂಡಿದಾಗ ಮಾತ್ರ ನಂಬಿಕೆಗೆ ಆಧಾರ. ಕಡಲಿನಲ್ಲಿಯೂ ಹೀಗೆಯೇ. ಒಂದು ವ್ಯವಸ್ಥೆ ನೂರರಲ್ಲಿ ಒಂದು ಸಲ ಕೈಕೊಡುವುದೆಂದೂ ಇನ್ನೊಂದು ಕೂಡ ಅಷ್ಟೇ ಎಂದೂ ಇಟ್ಟುಕೊಳ್ಳೋಣ. ಎರಡೂ ಒಟ್ಟಿಗೆ ಕೈಕೊಡುವುದು ಹತ್ತುಸಾವಿರಕ್ಕೆ ಒಂದು ಸಲ. ಆದರೆ ಅವೆರಡೂ ಪರಸ್ಪರ ಸಂಬಂಧವಿಲ್ಲದವಾಗಿದ್ದರೆ ಮಾತ್ರ. ದೋಣಿಯಲ್ಲಿ ಮೂರು ಫೋನುಗಳಿದ್ದರೂ ಮೂರೂ ಅವೇ ಉಪಗ್ರಹಗಳನ್ನು ಕೇಳುವುದರಿಂದ ಅವು ಮೂರಲ್ಲ, ಒಂದೇ. ದೀಪಸ್ತಂಭವಾದರೋ ಉಪಗ್ರಹವನ್ನು ಕೇಳುವುದಿಲ್ಲ, ರೇಡಿಯೋ ಗದ್ದಲಕ್ಕೆ ಬೆದರುವುದಿಲ್ಲ, ದೋಣಿಯವನ ಬ್ಯಾಟರಿಯನ್ನು ನೆಚ್ಚುವುದಿಲ್ಲ. ಅದಕ್ಕೆ ಮಂಜೂ ಮಳೆಯೂ ವೈರಿ. ಉಪಗ್ರಹಕ್ಕೆ ಅವು ಲೆಕ್ಕಕ್ಕಿಲ್ಲ. ಎರಡರ ಕುಂದುಗಳೂ ಬೇರೆ ಬೇರೆ ಎಂಬುದೇ ಅವೆರಡೂ ಜೊತೆಯಾಗಿರಬೇಕೆನ್ನಲು ಕಾರಣ. 2015ರಲ್ಲಿ ಅಮೆರಿಕದ ನೌಕಾ ಅಕಾಡೆಮಿ, ಕೈಬಿಟ್ಟಿದ್ದ ನಕ್ಷತ್ರ ನೋಡಿ ದಾರಿ ಹುಡುಕುವ ಪಾಠವನ್ನು ಮತ್ತೆ ಆರಂಭಿಸಿದುದು ಇದೇ ವಿವೇಕದಿಂದ. ಉಪಗ್ರಹಗಳನ್ನು ಹಾರಿಸಿದ ದೇಶವೇ ಹಾಗೆ ಮಾಡಿತೆಂಬುದನ್ನು ಗಮನಿಸಬೇಕು.

ದೀಪವು ಕೇವಲ ಎಚ್ಚರಿಕೆಯಲ್ಲ, ಅದೊಂದು ಅಳತೆಯ ಉಪಕರಣವೂ ಹೌದು ಎಂಬುದನ್ನು ಬಹುಮಂದಿ ಮರೆತಿದ್ದಾರೆ. ದೂರದಿಂದ ಬರುವ ದೋಣಿಗೆ ದೀಪ ದಿಗಂತದಲ್ಲಿ ಮೊಟ್ಟಮೊದಲು ಮೂಡಿದ ಕ್ಷಣದಲ್ಲಿ, ಮೇಲೆ ಹೇಳಿದ ಸೂತ್ರದಿಂದಲೇ ದೂರ ತಿಳಿದುಹೋಗುತ್ತದೆ: ದೇವಗಡವಾದರೆ, ಕಣ್ಣು ನಾಲ್ಕು ಮೀಟರು ಎತ್ತರದಲ್ಲಿದ್ದರೆ, 36 ಕಿಲೋಮೀಟರು. ದಿಕ್ಸೂಚಿ ದಿಕ್ಕನ್ನು ಹೇಳುತ್ತದೆ. ದೂರವೂ ದಿಕ್ಕೂ ಸಿಕ್ಕ ಮೇಲೆ ಸ್ಥಾನ ಸಿಕ್ಕಂತೆಯೇ. ದಿಕ್ಸೂಚಿ, ಕಣ್ಣು, ಒಂದು ವರ್ಗಮೂಲ: ಇಷ್ಟೇ ಸಾಮಗ್ರಿ.

ದೊಡ್ಡ ಹಡಗುಗಳಿಗೆ ಇಂದು ದೀಪ ಅನಿವಾರ್ಯವಲ್ಲವೆಂಬುದನ್ನು ನಾವು ಒಪ್ಪುತ್ತೇವೆ. ಅವುಗಳಲ್ಲಿ ರೇಡಾರು ಮೊದಲಾದ ಅನೇಕ ಸಾಧನಗಳಿವೆ. ದೀಪ ಬೇಕಾಗಿರುವುದು ಚಿಕ್ಕವರಿಗೆ. ಕಾರವಾರ, ಅಂಕೋಲೆಗಳ ಹರಿಕಂತ್ರರು, ಖಾರ್ವಿಗಳು, ಅಂಬಿಗರು ಪಾತಿದೋಣಿಗಳಲ್ಲಿ ರಾತ್ರಿ ಮೀನಿಗೆ ಹೋಗುತ್ತಾರೆ. ಯಂತ್ರದ ದೊಡ್ಡ ದೋಣಿಗಳಿಗೆ ಜೂನ್ ಜುಲೈ ತಿಂಗಳುಗಳಲ್ಲಿ ನಿಷೇಧವಿರುವಾಗ, ಮಳೆಗಾಲದ ಕಡಲಿನ ಅಂಚಿನಲ್ಲಿ ಬಲೆ ಬೀಸುವವರು ಇಂಥ ನಾಡದೋಣಿಯವರೇ. ಅವರಲ್ಲಿಯೂ ಈಗ ಫೋನಿದೆ, ನಿಜ. ಆದರೆ ಉಪ್ಪುನೀರು ಬಿದ್ದ ಫೋನು ಮೂಕವಾಗುವುದಕ್ಕೆ ಒಂದು ಅಲೆ ಸಾಕು. ಬಂದರಿಗೆ ಬರುವ ಹಡಗುಗಳು ತೆರುವ ದೀಪಶುಲ್ಕದಿಂದ ದೇಶದ ದೀಪಗಳ ವೆಚ್ಚ ನಡೆಯುತ್ತದೆ; ದೊಡ್ಡವನು ತೆತ್ತುದರಲ್ಲಿ ಚಿಕ್ಕವನು ದಾರಿ ಕಾಣುತ್ತಾನೆ. ಒಬ್ಬನು ನೋಡಿದರೆ ಇನ್ನೊಬ್ಬನಿಗೆ ಬೆಳಕು ಕಡಮೆಯಾಗುವುದಿಲ್ಲ. ಲ್ಯಾಂಕಷೈರಿನ ಗಿರಣಿಗಳಿಗಾಗಿ ಹೊತ್ತಿದ ದೀಪ ಪಾತಿದೋಣಿಯವನದಾಯಿತೆಂದು ಮೊದಲು ಹೇಳಿದುದರ ಅರ್ಥ ಇದು. ಎಲ್‌ಇಡಿ ದೀಪಗಳು ಬಂದ ಮೇಲೆ ವಿದ್ಯುತ್ತಿನ ವೆಚ್ಚವೂ ಹಿಂದಿನಂತಿಲ್ಲ. ಬಿಸಿಲಿನಿಂದ ತುಂಬಿದ ಬ್ಯಾಟರಿಯೇ ರಾತ್ರಿಯನ್ನು ಕಳೆಯಬಲ್ಲುದು.

ನಮ್ಮ ಆತಂಕ ಬೇರೊಂದು. 1927ರ ದೀಪಸ್ತಂಭಗಳ ಕಾಯಿದೆಯ ಸ್ಥಾನದಲ್ಲಿ 2021ರಲ್ಲಿ ಹೊಸ ಕಾಯಿದೆ ಬಂದಿದೆ. ಅದರಲ್ಲಿ ಹಳೆಯ ದೀಪಸ್ತಂಭಗಳನ್ನು ಪಾರಂಪರಿಕ ದೀಪಸ್ತಂಭಗಳೆಂದು ಗುರುತಿಸಿ, ಶಿಕ್ಷಣ, ಸಂಸ್ಕೃತಿ, ಪ್ರವಾಸಗಳಿಗೆ ಬಳಸಿಕೊಳ್ಳುವ ಅವಕಾಶವನ್ನು ಕಲ್ಪಿಸಿದ್ದಾರೆ. ಇದು ಒಳ್ಳೆಯ ಮಾತು. ಆದರೆ ನಮ್ಮ ದೇಶದಲ್ಲಿ ಪರಂಪರೆ ಎಂಬ ಪಟ್ಟ ಕಟ್ಟಿದ ಕೂಡಲೆ ಸುಣ್ಣ ಬಳಿದು, ಟಿಕೆಟ್ಟಿನ ಕಿಂಡಿ ತೆರೆದು, ಒಳಗಿನ ಜೀವವನ್ನು ಮರೆಯುವ ಪದ್ಧತಿಯೂ ಉಂಟು. ದೀಪವನ್ನು ಆರಿಸಿ ಗೋಪುರವನ್ನು ಉಳಿಸುವುದು ವೀಣೆಯ ತಂತಿಗಳನ್ನು ಕಿತ್ತು ಬುರುಡೆಗೆ ಹೂವು ಮುಡಿಸಿದಂತೆ. ಶಿಕ್ಷಣ, ಸಂಸ್ಕೃತಿ, ಪ್ರವಾಸ ಎಂಬ ಮೂರರಲ್ಲಿ ಪ್ರವಾಸಕ್ಕೆ ಹಣ ಬರುತ್ತದೆ, ಸಂಸ್ಕೃತಿಗೆ ಭಾಷಣ ಸಿಕ್ಕುತ್ತದೆ. ಶಿಕ್ಷಣವನ್ನು ಯಾರು ಕೇಳಬೇಕು? ಅಧ್ಯಾಪಕರಾದ ನಾವೇ ಕೇಳಬೇಕು. ಹಳೆಯ ದೀಪಸ್ತಂಭದಲ್ಲಿ ಹೊಸ ದೀಪವನ್ನು ಕೂರಿಸುವಾಗ ತೆಗೆದ ಗಾಜಿನ ಬಳೆಗಳನ್ನೂ ಪಟ್ಟಕಗಳನ್ನೂ ದೂರದ ಉಗ್ರಾಣಕ್ಕೆ ಸಾಗಿಸದೆ, ಅವು ದುಡಿದ ತೀರದಲ್ಲಿಯೇ, ವಿದ್ಯಾರ್ಥಿಗಳು ಕೈಯಾರೆ ದೀಪ ಹಿಡಿದು ಕಿರಣದ ದಾರಿಯನ್ನು ನೋಡುವಂತೆ ಇಡಬೇಕೆಂಬುದು ನಮ್ಮ ಮೊದಲ ಬೇಡಿಕೆ. ಉತ್ತಲ ಮಸೂರದ ಕಿರಣಚಿತ್ರವನ್ನು ಪರೀಕ್ಷೆಗಾಗಿ ನೂರು ಸಲ ಬರೆದ ಹುಡುಗನು ಅಂಥದೊಂದು ಮಸೂರದ ಮುಂದೆ ಐದು ನಿಮಿಷ ನಿಂತರೆ ಕಲಿಯುವುದು ಹೆಚ್ಚು.

ಎರಡನೆಯ ಬೇಡಿಕೆ ನಮ್ಮ ನಾಡಿನ ಶಾಲಾ ಕಾಲೇಜುಗಳಿಗೆ. ವರ್ಷವರ್ಷವೂ ಶೈಕ್ಷಣಿಕ ಪ್ರವಾಸವೆಂದು ಬಸ್ಸುಗಳು ಹೊರಡುತ್ತವೆ. ಗುಡಿ, ಅಣೆಕಟ್ಟು, ಅರಮನೆ, ಉದ್ಯಾನಗಳನ್ನು ಸುತ್ತಿ ಬರುತ್ತವೆ. ಅವುಗಳಲ್ಲಿ ಒಂದಾದರೂ ದೀಪಸ್ತಂಭದ ಕಡೆಗೆ ತಿರುಗಲಿ. ದೇವಗಡವನ್ನು ಹತ್ತುವುದು ಎಲ್ಲರಿಗೂ ಸಾಧ್ಯವಾಗದು. ಅಲ್ಲಿಗೆ ದೋಣಿಯೂ ಅನುಮತಿಯೂ ಬೇಕು. ಹತ್ತಿರದಲ್ಲಿಯೇ 2005ರಲ್ಲಿ ಆರಂಭವಾದ ಕದಂಬ ನೌಕಾನೆಲೆಯೂ ಇದೆ. ಮುಂಗಾರಿನಲ್ಲಂತೂ ಬಂಡೆಗಳ ಬಳಿಗೆ ದೋಣಿ ಹೋಗದು. ಅದರ ಬದಲು ಉಡುಪಿ ಜಿಲ್ಲೆಯ ಕಾಪುವಿನಲ್ಲಿ, ಕಡಲತಡಿಯ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ, ಸುಮಾರು 27 ಮೀಟರು ಎತ್ತರದ ದೀಪಸ್ತಂಭವನ್ನು ಜನರು ಹತ್ತಿ ನೋಡಬಹುದು. ಆದರೆ ದೇವಗಡವನ್ನು ನೋಡಲು ಹತ್ತಲೇಬೇಕೆಂದಿಲ್ಲ. ದೀಪ ಇರುವುದೇ ದೂರದಿಂದ ನೋಡುವುದಕ್ಕೆ.

ಡಿಸೆಂಬರು, ಜನವರಿ ತಿಂಗಳುಗಳಲ್ಲಿ ಕಡಲು ಶಾಂತ, ಆಕಾಶ ತಿಳಿಯಾಗಿರುತ್ತದೆ. ಕೊಟ್ಟೂರಿನ ಒಂದು ತಂಡ ಕಾರವಾರದ ತೀರದಲ್ಲಿ ಸಂಜೆ ನಿಲ್ಲಲಿ. ಇನ್ನೊಂದು ತಂಡ ಊರಿನಲ್ಲಿಯೇ, ಪಶ್ಚಿಮಕ್ಕೆ ಬಯಲು ತೆರೆದಿರುವ ಕಡೆ ಇರಲಿ. ಸೂರ್ಯಬಿಂಬದ ಮೇಲಂಚು ಮುಳುಗುವ ಹೊತ್ತನ್ನು ಇಬ್ಬರೂ ಗಡಿಯಾರ ನೋಡಿ ಬರೆದುಕೊಳ್ಳಲಿ. ಅಕ್ಷಾಂಶ ಒಂದೇ ಆದುದರಿಂದ ವ್ಯತ್ಯಾಸವೆಲ್ಲ ರೇಖಾಂಶದ್ದು. ಎಂಟೂವರೆ ನಿಮಿಷದ ಆಸುಪಾಸಿನಲ್ಲಿ ಬರಬೇಕು. ಅದರಿಂದಲೂ ನೇರ ದೂರದಿಂದಲೂ ಭೂಮಿಯ ಸುತ್ತಳತೆಯನ್ನು ಲೆಕ್ಕಹಾಕಬಹುದು, 14.8 ಡಿಗ್ರಿಯ ಅಕ್ಷಾಂಶವೃತ್ತ ಭೂಮಧ್ಯರೇಖೆಗಿಂತ ಎಷ್ಟು ಚಿಕ್ಕದೆಂಬುದನ್ನು ಮಾತ್ರ ಮರೆಯಬಾರದು. ಕತ್ತಲಾದ ಮೇಲೆ ಕಾರವಾರದ ತಂಡ ದ್ವೀಪದ ಕಡೆಗೆ ತಿರುಗಿ, ಒಂದು ಮಿಂಚಿನಿಂದ ಇನ್ನೊಂದು ಮಿಂಚಿಗೆ ಎಷ್ಟು ಸೆಕೆಂಡೆಂದು ಎಣಿಸಲಿ. ಒಂದನ್ನು ಅಳೆದರೆ ಬೆರಳಿನ ತಡವರಿಕೆಯೇ ದೊಡ್ಡ ದೋಷವಾಗುತ್ತದೆ. ಇಪ್ಪತ್ತು ಅಂತರಗಳನ್ನು ಒಟ್ಟಿಗೆ ಅಳೆದು ಇಪ್ಪತ್ತರಿಂದ ಭಾಗಿಸಬೇಕು. ಬಂದ ಉತ್ತರವನ್ನು ನಾವಿಕರ ದೀಪಪಟ್ಟಿಯಲ್ಲಿರುವ ಸಂಖ್ಯೆಯೊಡನೆ ಹೋಲಿಸಿ ನೋಡಲಿ.